ಅಭ್ಯಾಸಕ್ಕೆ ಕೊಟ್ಟ ಫೋಟೋ

ಪುಣೆಯ ಚಿಂಚವಾಡದ ಆ ಮೂರನೇ ಮಹಡಿಯ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿದು, ಮಾವ ಮಹಾಲಿಂಗ ಹೋಟೆಲಿಗೆ ಹೊರಟು, ಅತ್ತೆ ಪಂಕಜಾಕ್ಷಿ ಮಲಗಿದ ಮೇಲೆ ಅಪೇಕ್ಷಾಳಿಗೆ ಸ್ವಲ್ಪ ಬಿಡುವು ಸಿಗುತ್ತಿತ್ತು. ಆಗ ಅವಳು ಊಟದ ಮೇಜನ್ನು ಒರೆಸಿ, ಅದರ ಮೇಲೆ ಲ್ಯಾಪ್‌ಟಾಪ್ ತೆರೆದು ಫೋಟೋಶಾಪ್ ಕಲಿಯಲು ಕೂರುತ್ತಿದ್ದಳು. ದೀಪಾವಳಿ ಸೀರೆಗೆಂದು ತವರಿನಿಂದ ಬಂದ ದುಡ್ಡನ್ನು ಅವಳು ಈ ಆನ್‌ಲೈನ್ ಕ್ಲಾಸಿಗೆ ಕಟ್ಟಿದ್ದಳು. ಪಾಠವೆಲ್ಲ ಕನ್ನಡದಲ್ಲಿ, ಅದೂ ಅವಳ ಊರಿನ ಕಡೆಯ ಕನ್ನಡದಲ್ಲಿ. ಕಲಿಸುವ ಮೇಡಂ ಮುಖ ತೋರಿಸುತ್ತಿರಲಿಲ್ಲ. ಪರದೆಯ ಮೇಲೆ ಬಾಣದ ಗುರುತು ಓಡಾಡುತ್ತಿತ್ತು, ಹಿಂದಿನಿಂದ ದನಿ ಕೇಳುತ್ತಿತ್ತು, ಅಷ್ಟೆ.

"ಲೇಯರ್ ಅಂದ್ರೆ ಹೆದರ್ಬೇಡಿ. ಬಾಳೆಲೆಯ ಮೇಲೆ ನೀರುದೋಸೆ ಹಾಕಿದ್ರೆ ಕೆಳಗಿನ ಹಸಿರು ಸ್ವಲ್ಪ ಕಾಣ್ತದಲ್ಲ? ಅದೇ ಇದು. ಮೇಲಿನದ್ದನ್ನು ಎಷ್ಟು ತೆಳ್ಳಗೆ ಮಾಡ್ತೀರೋ ಕೆಳಗಿನದ್ದು ಅಷ್ಟು ಚೆಂದ ಕಾಣ್ತದೆ."

ಅಪೇಕ್ಷಾ ನಕ್ಕಳು. ಇಷ್ಟು ನಿಧಾನವಾಗಿ, ಕಲಿಯುವವರನ್ನು ಒಂದಿಷ್ಟೂ ಸಣ್ಣವರನ್ನಾಗಿ ಮಾಡದೆ ಯಾರೂ ಅವಳಿಗೆ ಏನನ್ನೂ ಕಲಿಸಿರಲಿಲ್ಲ.

ಕೋಣೆಯ ಬಾಗಿಲಲ್ಲಿ ಪಂಕಜಾಕ್ಷಿ ನಿಂತಿದ್ದಳು. ನಿದ್ದೆಯಿಂದ ಎದ್ದು ಬಂದವಳ ಜಡೆ ಬಿಚ್ಚಿತ್ತು.

"ಯಾರದ್ದು ಅದು?"

"ಪಾಠ ಅತ್ತೆ. ಫೋಟೋಶಾಪ್ ಕಲಿಸುವ ಮೇಡಂ."

"ಬಂದ್ ಮಾಡು."

"ನಿದ್ದೆಗೆ ತೊಂದ್ರೆ ಆಯ್ತಾ? ಸೌಂಡ್ ಕಡಿಮೆ ಮಾಡ್ತೇನೆ."

"ಬಂದ್ ಮಾಡು ಅಂದೆ!"

ಅಪೇಕ್ಷಾ ಬೆಚ್ಚಿ ಮುಚ್ಚಳ ಹಾಕಿದಳು. ಮದುವೆಯಾಗಿ ಎರಡು ವರ್ಷವಾಗಿತ್ತು, ಅತ್ತೆಯ ಗದರಿಕೆ ಹೊಸದಲ್ಲ. ಆದರೆ ಈ ಸಲ ಗದರಿದವಳ ತುಟಿಯೇ ಅದುರುತ್ತಿತ್ತು.

ಮಂಗಳವಾರ ಅವರ 'ಹೋಟೆಲ್ ಸೀತಾನದಿ'ಗೆ ವಾರದ ರಜೆ. ಅಂದು ಮಾತ್ರ ನಾಲ್ವರೂ ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು. ಪಿಂಪ್ರಿ ಸ್ಟೇಷನ್ನಿನ ಬಳಿ ಆ ಹೋಟೆಲನ್ನು ಮಹಾಲಿಂಗ ಕಟ್ಟಿದ್ದು, ಈಗ ನಡೆಸುವವನು ಮಗ ಮಿಥುನ. ಚಾಕಣದಲ್ಲಿ ಕಾರು ಕಾರ್ಖಾನೆಗಳ ರಸ್ತೆಯಲ್ಲಿ ಎರಡನೇ ಹೋಟೆಲು ತೆರೆಯುವ ತಯಾರಿ ನಡೆದಿತ್ತು. ಅದರ ಮೆನು ಕಾರ್ಡು ನಾನು ಮಾಡಲೇ ಎಂದು ಅಪೇಕ್ಷಾ ಹಿಂದೆ ಕೇಳಿದ್ದಕ್ಕೆ, "ಅದೆಲ್ಲ ನಿನ್ನ ತಲೆಗೆ ಹತ್ತುದಿಲ್ಲ" ಎಂದು ಮಿಥುನ ನಕ್ಕಿದ್ದ. ಕ್ಲಾಸಿಗೆ ಸೇರುವ ಹಟ ಅವಳಿಗೆ ಬಂದದ್ದು ಆ ನಗುವಿನಿಂದಲೇ.

ಅಪೇಕ್ಷಾ ಬಂಗುಡೆ ಸಾರು ಬಡಿಸುತ್ತಿದ್ದಂತೆ ಪಂಕಜಾಕ್ಷಿ ಮಗನಿಗೆ ಹೇಳಿದಳು, "ನಿನ್ನ ಹೆಂಡತಿ ಎಂತದೋ ಕ್ಲಾಸು ಸೇರಿದ್ದಾಳೆ. ಬಿಡಿಸು."

"ಯಾವ ಕ್ಲಾಸು?"

"ಡಿಸೈನ್ ಕ್ಲಾಸು," ಎಂದಳು ಅಪೇಕ್ಷಾ. "ರಕ್ಷಾ ಮೇಡಂ ಅಂತ, ಊರಿನ ಕಡೆಯವ್ರೇ."

ಅನ್ನ ಕಲಸುತ್ತಿದ್ದ ಮಿಥುನನ ಕೈ ನಿಂತಿತು. ಅವನು ತಾಯಿಯ ಮುಖ ನೋಡಿದ. ತಾಯಿ ಬಟ್ಟಲು ನೋಡಿದಳು. ಮಹಾಲಿಂಗ ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದ.

"ನಾಳೆಯಿಂದ ಬೇಡ," ಎಂದ ಮಿಥುನ.

"ಯಾಕೆ?"

"ಬೇಡ ಅಂದ್ರೆ ಬೇಡ. ಕಾರಣ ಕೊಡ್ಲಿಕ್ಕೆ ಇದೇನು ಕೋರ್ಟಾ?"

"ದುಡ್ಡು ಕಟ್ಟಿ ಆಗಿದೆ. ತವರಿನ ದುಡ್ಡು."

"ಹೋದ್ರೆ ಹೋಗ್ಲಿ. ಸಾರು ಹಾಕು."

ಅವಳು ಸಾರು ಹಾಕಿದಳು. ಮರುದಿನ ಇಯರ್‌ಫೋನ್ ಕೊಂಡು ತಂದಳು.

ಕಾರಣ ಹೇಳಿದ್ದು ಪಾತ್ರೆ ತೊಳೆಯುವ ಸಕ್ಕುಬಾಯಿ. ಒಂದು ಮಧ್ಯಾಹ್ನ ಅತ್ತೆ ಮಂಡಳಿಯ ಭಜನೆಗೆ ಹೋಗಿದ್ದಾಗ ಅಪೇಕ್ಷಾ ಇಯರ್‌ಫೋನ್ ಇಲ್ಲದೆ ಪಾಠ ಹಾಕಿದಳು. ಒಳಗಿದ್ದ ಸಕ್ಕುಬಾಯಿ ಕೈಯ ಸೋಪಿನ ನೊರೆಯನ್ನೂ ತೊಳೆಯದೆ ಓಡಿ ಬಂದಳು.

"ಹಾ ತರ ರಕ್ಷಿತಾ ವಹಿನೀಂಚಾ ಆವಾಜ!"

ಇದು ರಕ್ಷಿತಾ ಅತ್ತಿಗೆಯ ದನಿ. ರಕ್ಷಾ ಮೇಡಂ ಎಂದರೆ ಈ ಮನೆಯ ಮೊದಲ ಸೊಸೆ.

ಮಿಥುನನಿಗೆ ಒಂದು ಮದುವೆಯಾಗಿ ಮುರಿದಿತ್ತೆಂದು ಅಪೇಕ್ಷಾಳಿಗೆ ಗೊತ್ತಿತ್ತು. ಸಂಬಂಧ ತಂದವರು ಮುಚ್ಚಿಟ್ಟಿರಲಿಲ್ಲ. "ಆ ಹುಡುಗಿಗೆ ಪಾಪ, ತಲೆ ಸರಿ ಇರ್ಲಿಲ್ಲ. ಒಬ್ಬಳೇ ಮಾತಾಡುದು, ಹಗಲೆಲ್ಲ ನಿದ್ದೆ ಮಾಡುದು. ಇವರೇ ಡಾಕ್ಟರಿಗೆಲ್ಲ ತೋರಿಸಿ ಎಷ್ಟು ನೋಡಿಕೊಂಡ್ರು" ಎಂದಿದ್ದರು. ಪುಣೆಯ ಅವರ ಜನರಲ್ಲಿ ಎಲ್ಲರೂ ಅದನ್ನೇ ನಂಬಿದ್ದರು. ಅಪೇಕ್ಷಾಳೂ ನಂಬಿ, ಒಮ್ಮೊಮ್ಮೆ ಗಂಡನ ಬಗ್ಗೆ ಮರುಕಪಟ್ಟಿದ್ದಳು.

ಈಗ ಅವಳು ಆ ಪಾಠವನ್ನು ಮೊದಲಿನಿಂದ ಮತ್ತೆ ಹಾಕಿದಳು. ದನಿ ಒಂದು ಕೆಲಸವನ್ನು ಹೇಳುತ್ತಿತ್ತು, ಅದು ಮುಗಿಯುವವರೆಗೆ ಕಾಯುತ್ತಿತ್ತು, ಆಮೇಲೆ ಮುಂದಿನದಕ್ಕೆ ಹೋಗುತ್ತಿತ್ತು. ತಪ್ಪುವ ಜಾಗ ಯಾವುದೆಂದು ಮೊದಲೇ ಎಚ್ಚರಿಸುತ್ತಿತ್ತು. ತಪ್ಪಿದರೆ ಹಿಂದೆ ಬರುವ ದಾರಿ ತೋರಿಸುತ್ತಿತ್ತು. ಇದು ತಲೆ ಕೆಟ್ಟವಳ ಮಾತೇ? ಈ ಮನೆಯಲ್ಲಿ ಒಬ್ಬರಾದರೂ ಇಷ್ಟು ಸರಿಯಾಗಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

"ನಿಜವಾಗಿ ಏನಾಗಿತ್ತು, ಮಾವಶಿ?" ಎಂದು ಅವಳು ಕೇಳಿದಳು.

ಸಕ್ಕುಬಾಯಿ ಬಾಗಿಲ ಕಡೆ ನೋಡಿದಳು. "ನಂಗೆ ಕೆಲಸ ಬೇಕು ವಹಿನಿ," ಎಂದು ಮರಾಠಿಯಲ್ಲಿ ಹೇಳಿ ಪಾತ್ರೆಗೆ ಮರಳಿದಳು.

ಮುಂದಿನ ವಾರದ ಪಾಠ, ಫೋಟೋದಿಂದ ಒಬ್ಬ ಮನುಷ್ಯನನ್ನು ತೆಗೆಯುವುದು ಹೇಗೆ ಎಂಬುದು. ಅಭ್ಯಾಸಕ್ಕೆ ಒಂದು ಮದುವೆಯ ಫೋಟೋ ಕೊಟ್ಟಿದ್ದರು. ಅಪೇಕ್ಷಾ ಅದನ್ನು ಇಳಿಸಿಕೊಂಡು ತೆರೆದಳು. ಹೂವಿನ ಮಂಟಪ. ಅರಿಶಿನ ಬಣ್ಣದ ಸೀರೆಯುಟ್ಟ ಅತ್ತೆ ಒಂದು ಬದಿಗೆ, ಜರಿ ಶಾಲು ಹೊದ್ದ ಮಾವ ಇನ್ನೊಂದು ಬದಿಗೆ. ನಡುವೆ ಅಗಲ ಹಣೆಯ, ದೊಡ್ಡ ಕಣ್ಣಿನ ಹುಡುಗಿ. ಅವಳ ಪಕ್ಕದಲ್ಲಿ ಪೇಟ ಸುತ್ತಿ, ಹಾರ ಹಾಕಿಕೊಂಡು ನಿಂತವನು ಮಿಥುನ.

"ಮೊದ್ಲು ಪೆನ್ ಟೂಲ್ ತಗೊಂಡು ಮದುಮಗನ ಸುತ್ತ ಗೆರೆ ಹಾಕಿ," ಎಂದಿತು ದನಿ. "ಅವಸರ ಬೇಡ. ಕಿವಿಯ ಹತ್ರ ಸ್ವಲ್ಪ ಜಾಗ್ರತೆ. ಹಾಕಿ ಆಯ್ತಾ? ಈಗ ಡಿಲೀಟ್. ಅಲ್ಲಿ ಖಾಲಿ ಕಂಡ್ರೆ ಗಾಬರಿ ಆಗ್ಬೇಡಿ. ಪಕ್ಕದ ಹೂವನ್ನೇ ತಂದು ಆ ಜಾಗಕ್ಕೆ ತುಂಬಿಸುದು. ನೋಡಿ ಈಗ. ಇಲ್ಲೊಬ್ಬ ಇದ್ದ ಅಂತ ಯಾರಿಗಾದ್ರೂ ಗೊತ್ತಾಗ್ತದಾ?"

ಪಾಠದ ಕೆಳಗೆ ಕಲಿಯುವವರು ತಮ್ಮ ತಮ್ಮ ಅಭ್ಯಾಸ ಮಾಡಿ ಹಾಕಿದ್ದರು. ಧಾರವಾಡದವರು, ಮಂಡ್ಯದವರು, ದುಬೈಯಲ್ಲಿದ್ದವರು. ಎಲ್ಲರೂ ಮಿಥುನನನ್ನು ಅಳಿಸಿದ್ದರು. ಕೆಲವರು ನುಣ್ಣಗೆ, ಕೆಲವರು ಒರಟಾಗಿ. ಒಬ್ಬನ ಕೆಲಸದಲ್ಲಿ ಪೇಟ ಮಾತ್ರ ಗಾಳಿಯಲ್ಲಿ ಉಳಿದಿತ್ತು. ಅದಕ್ಕೆ ಮೇಡಂ, "ಪರವಾಗಿಲ್ಲ, ಇನ್ನೊಮ್ಮೆ ಅಳಿಸಿ. ಅಳಿಸಿದಷ್ಟೂ ಕೈ ಪಳಗ್ತದೆ" ಎಂದು ಉತ್ತರ ಬರೆದಿದ್ದರು.

ಅಪೇಕ್ಷಾಳಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಗಂಡನ ಕಿವಿಯ ಸುತ್ತ ಜಾಗ್ರತೆಯಿಂದ ಗೆರೆ ಹಾಕತೊಡಗಿದಳು.

ಅವಳು ಹಾಗೆ ನಗುವುದನ್ನು ಪಂಕಜಾಕ್ಷಿ ಅಡುಗೆಮನೆಯ ಬಾಗಿಲಿನಿಂದ ನೋಡಿದ್ದಳು.

ಅಂದಿನಿಂದ ಮನೆಯ ಮಾತಿನ ಧಾಟಿಯೇ ಬದಲಾಯಿತು. ಮೊದಲು ಅತ್ತೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು: "ಒಬ್ಬಳೇ ಕೂತು ನಗ್ತಾಳೆ, ಮಾರಾಯ್ತಿ. ನಮ್ಮ ಹಣೆಬರಹ ನೋಡು, ಇದೂ ಹಾಗೇ ಆಯ್ತು." ಸಾಂಬಾರಿಗೆ ಉಪ್ಪು ಹೆಚ್ಚಾದರೆ, "ಅವಳ ಮನಸ್ಸು ಎಲ್ಲಿ ಉಂಟೋ" ಎಂದಳು. ಕಪಾಟಿನ ಕೀಲಿಕೈ ಸಿಗದಿದ್ದಾಗ ಮಿಥುನ ನಿಟ್ಟುಸಿರು ಬಿಟ್ಟು, "ಇಟ್ಟದ್ದು ನೆನಪಿಲ್ವಾ? ಹೋಗ್ಲಿ ಬಿಡು, ನಿನ್ನ ತಪ್ಪಲ್ಲ" ಎಂದ. ಆ ಮೆತ್ತಗಿನ ಮಾತು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಕೀಲಿಕೈ ಇದ್ದದ್ದು ಅವನ ಪ್ಯಾಂಟಿನ ಜೇಬಿನಲ್ಲೇ.

ಒಂದು ದಿನ ಊರಿನಿಂದ ಅಪ್ಪ ಫೋನ್ ಮಾಡಿದ. ಸುಬ್ಬಯ್ಯ ಕಾರ್ಕಳದ ಹತ್ತಿರದ ಹಳ್ಳಿಯಲ್ಲಿ ಹಾಲಿನ ಸೊಸೈಟಿಯ ಕಾರ್ಯದರ್ಶಿ. ಸುತ್ತಿ ಬಳಸಿ ಮಾತಾಡುವವನಲ್ಲ.

"ಮಗಾ, ನಿನಗೆ ನಿದ್ದೆ ಸರಿ ಬರ್ತದಾ?"

"ಬರ್ತದಪ್ಪ. ಯಾಕೆ?"

"ಅಳಿಯ ಫೋನ್ ಮಾಡಿದ್ದ. ನೀನು ಕಂಪ್ಯೂಟರಿನ ಹತ್ರ ಮಾತಾಡ್ತೀಯಂತೆ. ಡಾಕ್ಟರಿಗೆ ತೋರಿಸ್ಬೇಕು, ಸ್ವಲ್ಪ ಸಮಯ ಊರಿಗೆ ಕರ್ಕೊಂಡು ಹೋಗಿ ಅಂದ."

ಆ ದಾರಿ ಎಲ್ಲಿಗೆ ಹೋಗುತ್ತದೆಂದು ಅಪೇಕ್ಷಾಳಿಗೆ ಈಗ ಗೊತ್ತಿತ್ತು. ಇನ್ನೊಂದು ಡೈವೋರ್ಸ್ ಕಾಗದ, ಇನ್ನೊಂದು ಸಂಬಂಧ, "ಪಾಪ, ಅವಳಿಗೂ ತಲೆ ಸರಿ ಇರ್ಲಿಲ್ಲ."

ಅದೇ ಮಧ್ಯಾಹ್ನ ಅವಳು ತಾನು ಮಾಡಿದ ಅಭ್ಯಾಸವನ್ನು ಮೇಡಮ್ಮಿಗೆ ಕಳಿಸಿ, ಸಂಶಯ ಕೇಳುವ ಜಾಗದಲ್ಲಿ ಬರೆದಳು: "ಮೇಡಂ, ಈ ಮದುಮಗನಿಗೆ ಈಗ ಅಡುಗೆ ಮಾಡಿ ಹಾಕುವವಳು ನಾನು. ನನ್ನನ್ನೂ ಡಾಕ್ಟರಿಗೆ ತೋರಿಸಬೇಕಂತೆ." ಕೆಳಗೆ ಫೋನ್ ನಂಬರು ಹಾಕಿದಳು.

ಮರುದಿನ ಅವಳು ತರಕಾರಿ ತರಲು ಹೋಗಿದ್ದಾಗ ಫೋನ್ ಬಂತು. ಬೀಟ್‌ರೂಟಿನ ರಾಶಿಯ ಮುಂದೆಯೇ ನಿಂತು ಅವಳು ಮಾತಾಡಿದಳು.

"ಕಿವಿ ಚೆಂದ ತೆಗ್ದಿದ್ದೀ," ಎಂದಿತು ಆ ದನಿ. "ಅಲ್ಲಿ ಎಲ್ಲರಿಗೂ ತಪ್ತದೆ."

ಅಪೇಕ್ಷಾಳಿಗೆ ಅಳು ಬಂತು. "ಅಕ್ಕಾ," ಎಂದಳು, ಮೇಡಂ ಎನ್ನಲು ಹೋಗಿ.

"ಅಳ್ಬೇಡ. ಅಳುದನ್ನು ನೋಡಿದ್ರೆ ಅದನ್ನೂ ಬರ್ಕೊಳ್ತಾರೆ ಅವ್ರು. ಹಾಲು ಕೊಡ್ತಾರಾ ನಿನಗೆ?"

"ಹಾಲಾ? ಇಲ್ಲ."

"ಕೊಟ್ರೆ ಕುಡೀಬೇಡ. ನನಗೆ ಅತ್ತೆ ದಿನಾ ಹಾಲು ಕೊಡ್ತಿದ್ರು. ಅದ್ರಲ್ಲಿ ನಿದ್ದೆ ಮಾತ್ರೆ. ನಾನು ಹಗಲೆಲ್ಲ ತೂಕಡಿಸುದು, ಮಿಥುನ ಊರಿಗೆ ಫೋನ್ ಮಾಡಿ ನಿಮ್ಮ ಮಗಳು ಮಲಗಿಯೇ ಇರ್ತಾಳೆ ಅನ್ನುದು."

"ಯಾಕಕ್ಕಾ? ನೀವೇನು ಮಾಡಿದ್ರಿ ಅವ್ರಿಗೆ?"

"ಹೋಟೆಲಿನ ಬೋರ್ಡು ಮಾಡಿದೆ. ಮೆನು ಮಾಡಿದೆ. ಅದನ್ನು ನೋಡಿ ನಿಗಡಿಯ ಇನ್ನೊಂದು ಹೋಟೆಲಿನವ್ರು ನನ್ನನ್ನು ಕೇಳಿಕೊಂಡು ಬಂದ್ರು. ಗಲ್ಲಾದಲ್ಲಿ ಕೂತವ ಮಿಥುನ, ಜನ ಕೇಳುದು ರಕ್ಷಿತಾ ಮೇಡಂ ಎಲ್ಲಿ ಅಂತ. ಅದೇ ನಾನು ಮಾಡಿದ ತಪ್ಪು."

"ಮಾವ ಏನೂ ಹೇಳ್ಲಿಲ್ವಾ? ಅವ್ರು ಒಳ್ಳೆಯವ್ರು."



"ಡಾಕ್ಟರ ಹತ್ರ ಕರ್ಕೊಂಡು ಹೋದದ್ದು ಮಾವನೇ. ನಾನು ಬೇರೆ ಯಾರು ಕರೆದ್ರೂ ಹೋಗ್ತಿರ್ಲಿಲ್ಲ. ದಾರಿಯಲ್ಲಿ ಕಾರು ನಿಲ್ಸಿ ಎಳನೀರು ಕುಡಿಸಿದ್ರು. ಅಲ್ಲಿ ಒಳಗೆ ಹೋಗಿ, ಸೊಸೆ ತನ್ನಷ್ಟಕ್ಕೆ ಮಾತಾಡ್ತಾಳೆ, ನಾನು ಕಣ್ಣಾರೆ ಕಂಡಿದ್ದೇನೆ ಅಂತ ಹೇಳಿದ್ರು. ಮೆತ್ತಗಿನವರ ಬಾಯಿಂದ ಬಂದ್ರೆ ಎಲ್ಲರೂ ನಂಬ್ತಾರೆ ಅಂತ ಅತ್ತೆಗೆ ಗೊತ್ತಿತ್ತು."

ತರಕಾರಿಯವನು ತಗೊಳ್ಳಿ ಎಂದು ಚೀಲ ಮುಂದೆ ಹಿಡಿದು, "ಘ್ಯಾ ತಾಯಿ" ಎಂದು ಎರಡು ಸಲ ಹೇಳಿದ. ಅಪೇಕ್ಷಾ ಕೇಳಿಸಿಕೊಳ್ಳಲಿಲ್ಲ.

"ಆ ಫೋಟೋ ಯಾಕೆ ಹಾಕಿದ್ರಿ ಅಕ್ಕಾ?"

ರಕ್ಷಿತಾ ನಕ್ಕಳು. "ಸಾವಿರಾರು ಜನ ಅವನನ್ನು ಅಳಿಸಿ ಆಗಿದೆ. ದಿನಾ ಯಾರಾದ್ರೂ ಒಬ್ರು ಕಳಿಸ್ತಾರೆ. ಬೆಳಿಗ್ಗೆ ಚಾ ಕುಡೀತಾ ನೋಡ್ತೇನೆ. ನನ್ನ ಆರೋಗ್ಯಕ್ಕೆ ಅದೇ ಮದ್ದು."

ಮೂರು ದಿನ ಕಳೆದು, ಬೆಳಗಿನ ತಿಂಡಿಯ ಹೊತ್ತಿಗೆ ಮಹಾಲಿಂಗ ಬಂದು ಅಪೇಕ್ಷಾಳ ಪಕ್ಕ ಕೂತ. ಎಂದಿನಂತೆ ನಿಧಾನವಾಗಿ, ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದ, "ಒಂದು ಸಲ ಡಾಕ್ಟರಿಗೆ ತೋರ್ಸಿ ಬರುವ ಮಗಾ. ಎಂತ ಆಗ್ತದೆ? ನಾನೇ ಕರ್ಕೊಂಡು ಹೋಗ್ತೇನೆ. ದಾರಿಯಲ್ಲಿ ಎಳನೀರು ಕುಡಿಯುವ."

ಅವಳು ತಲೆಯ ಮೇಲಿದ್ದ ಕೈಯನ್ನು ತೆಗೆಯಲಿಲ್ಲ. ಆದರೆ ಅವಳೊಳಗೆ ಉಳಿದಿದ್ದ ಕೊನೆಯ ಮೆತ್ತನೆಯ ಜಾಗವೂ ಆ ಕ್ಷಣಕ್ಕೆ ಗಟ್ಟಿಯಾಯಿತು.

"ಆಯ್ತು ಮಾವ," ಎಂದಳು. "ಹೋಟೆಲ್ ಓಪನಿಂಗ್ ಒಂದು ಮುಗೀಲಿ. ಆಮೇಲೆ ನೀವು ಹೇಳಿದಲ್ಲಿಗೆ ಬರ್ತೇನೆ."

ಅಂದಿನಿಂದ ಅವಳಷ್ಟು ಒಳ್ಳೆಯ ಸೊಸೆ ಚಿಂಚವಾಡದಲ್ಲೇ ಇರಲಿಲ್ಲ. ಕ್ಲಾಸು ಬಿಟ್ಟೆ ಎಂದಳು. ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದಳು. ಅತ್ತೆ ಹಾಲು ಕೊಟ್ಟಾಗ "ಬಿಸಿ ಉಂಟು, ಆಮೇಲೆ ಕುಡೀತೇನೆ" ಎಂದು ಒಳಗೆ ಒಯ್ದು ಮೋರಿಗೆ ಸುರಿದಳು. ಮೊದಲ ಸಲ ಹಾಲು ಬಂದ ದಿನ, ಲೋಟದ ತಳದಲ್ಲಿ ಬಿಳಿ ಪುಡಿ ಕಂಡಾಗ, ಅವಳಿಗೆ ಭಯವಾಗಲಿಲ್ಲ. ಒಂದು ಲೆಕ್ಕ ಚುಕ್ತಾ ಮಾಡಲು ಬೇಕಾದ ಸಿಟ್ಟು ಪೂರ್ತಿ ಸಿಕ್ಕಿತು.

ಚಾಕಣದ ಕೆಲಸ ತೆಗೆದುಕೊಂಡಿದ್ದ ಡಿಸೈನರ್ ಮರಾಠಿ ಮೆನುವಿನಲ್ಲಿ ಅರ್ಧ ತಿಂಡಿಗಳ ಹೆಸರನ್ನೇ ತಪ್ಪು ಮಾಡಿ ಕಳಿಸಿದ್ದ. ಮಿಥುನ ಊಟದ ಮೇಜಿನ ಬಳಿ ಕೂಗಾಡಿದ.

"ನಾನೊಂದು ಮಾಡಿ ತೋರಿಸ್ಲಾ?" ಎಂದಳು ಅಪೇಕ್ಷಾ. "ಚೆಂದ ಆಗದಿದ್ರೆ ಬಿಸಾಡಿ."

ಚೆಂದವಾಯಿತು. ಎಲೆಯ ಹಸಿರು, ದೋಸೆಯ ಬಿಳಿ, ದೂರದಿಂದಲೂ ಓದಬಹುದಾದ ಅಕ್ಷರ. ಮಿಥುನ ಅದನ್ನು ಫೋನಿನಲ್ಲಿ ಸ್ನೇಹಿತರಿಗೆ ತೋರಿಸುತ್ತಾ, "ನಾನೇ ಕೂತು ಮಾಡಿಸಿದ್ದು" ಎಂದು ಹೇಳುವುದು ಅವಳಿಗೆ ಕೇಳಿಸಿತು. ಅವಳು ಚಹಾ ತಂದಿಟ್ಟಳು.

"ಓಪನಿಂಗ್ ದಿನ ಟೀವಿಯಲ್ಲಿ ಹೋಟೆಲಿನ ಕಥೆ ಹಾಕುವ," ಎಂದಳು. "ಹಳೆಯ ಫೋಟೋ ಎಲ್ಲ ಜೋಡಿಸಿ. ನಮ್ಮ ಜನರ ಸಂಘದವ್ರಿಗೆ ಖುಷಿ ಆಗ್ತದೆ."

"ನನ್ನ ಫೋಟೋ ದೊಡ್ಡದಾಗಿ ಬರ್ಲಿ," ಎಂದ ಮಿಥುನ.

ಅವಳು ಎರಡು ವಿಡಿಯೋ ಮಾಡಿದಳು. ಒಂದರಲ್ಲಿ ಹಿನ್ನೆಲೆಗೆ ಕೊಳಲು ಇತ್ತು. ಅದನ್ನು ಮಿಥುನನಿಗೆ ತೋರಿಸಿದಳು, ಅವನು ಒಪ್ಪಿದ. ಇನ್ನೊಂದಕ್ಕೆ ಮಾತು ಬರೆದು ರಕ್ಷಿತಾಳಿಗೆ ಕಳಿಸಿದಳು. ರಕ್ಷಿತಾ ಅದನ್ನು ಒಂದು ದಿನ ಇಟ್ಟುಕೊಂಡು ಓದಿದಳು. ಆಮೇಲೆ ಫೋನ್ ಮಾಡಿದಳು.

"ನಾನು ದೂರದಲ್ಲಿದ್ದೇನೆ. ನಿನಗೆ ಆ ಮನೆಗೇ ಹಿಂದೆ ಹೋಗ್ಬೇಕು. ಯೋಚನೆ ಮಾಡಿದ್ದೀಯಾ?"

"ಮಾಡಿದ್ದೇನೆ ಅಕ್ಕಾ. ಅಪ್ಪ ಬರ್ತಾರೆ ಓಪನಿಂಗಿಗೆ. ನನ್ನನ್ನು ಕರ್ಕೊಂಡು ಹೋಗ್ಲಿಕ್ಕೆ ಅಂತಲೇ ಇವ್ರು ಕರೆಸಿದ್ದು."

"ಹಾಗಾದ್ರೆ ಸರಿ. ನೀನು ಬರೆದದ್ದರಲ್ಲಿ ಒಂದು ಹೆಸರು ತೆಗೀತೇನೆ. ಮಾವನದ್ದು."

"ಯಾಕೆ? ಅವ್ರನ್ನು ಕ್ಷಮಿಸಿ ಆಯ್ತಾ?"

"ನಾನು ಹೇಳಿದ ಹಾಗೆ ಮಾಡು," ಎಂದಳು ರಕ್ಷಿತಾ. ಆ ದನಿ ಪಾಠ ಹೇಳುವಾಗ ಇದ್ದಷ್ಟೇ ಶಾಂತವಾಗಿತ್ತು.

ಓಪನಿಂಗ್ ದಿನ ಚಾಕಣದ ಹೊಸ ಹೋಟೆಲು ಕಿಕ್ಕಿರಿದಿತ್ತು. ಗಣಹೋಮದ ಹೊಗೆ ಇನ್ನೂ ಆರಿರಲಿಲ್ಲ. ಕಾರ್ಖಾನೆಯ ಅಧಿಕಾರಿಗಳು, ಕಟ್ಟಡದ ಮಾಲೀಕರ ಕಡೆಯವರು, ಪುಣೆಯ ತಮ್ಮ ಜನರ ಸಂಘದ ಹಿರಿಯರು, ಭಜನಾ ಮಂಡಳಿಯ ಹೆಂಗಸರು ಎಲ್ಲರೂ ಇದ್ದರು. ಪಂಕಜಾಕ್ಷಿ ಕಾಂಜೀವರಂ ಉಟ್ಟು ಎಲ್ಲರಿಗೂ ಅರಿಶಿನ ಕುಂಕುಮ ಕೊಡುತ್ತಿದ್ದಳು. ಸುಬ್ಬಯ್ಯ ಮೂಲೆಯ ಕುರ್ಚಿಯಲ್ಲಿ ಮಗಳನ್ನೇ ಗಮನಿಸುತ್ತಾ ಕೂತಿದ್ದ.

ಅಪೇಕ್ಷಾ ಗಲ್ಲಾದ ಹಿಂದೆ ನಿಂತು ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಗೋಡೆಯ ದೊಡ್ಡ ಟೀವಿಯಲ್ಲಿ ಪಿಂಪ್ರಿಯ ಹಳೆಯ ತಗಡಿನ ಹೋಟೆಲು ಕಾಣಿಸಿತು.

"ನಮಸ್ಕಾರ," ಎಂದಿತು ದನಿ. "ಹೋಟೆಲ್ ಸೀತಾನದಿ ಒಂದು ತಗಡಿನ ಸೂರಿನ ಕೆಳಗೆ ಶುರುವಾದದ್ದು."

ಭಜನಾ ಮಂಡಳಿಯ ಹೆಂಗಸರಲ್ಲಿ ಒಬ್ಬಳು ತಲೆ ಎತ್ತಿದಳು. ಇನ್ನೊಬ್ಬಳು ಪಕ್ಕದವಳ ಕೈ ಹಿಡಿದಳು. ಪಂಕಜಾಕ್ಷಿಯ ಕೈಯ ಕುಂಕುಮದ ಬಟ್ಟಲು ಓರೆಯಾಗಿ ಸೀರೆಯ ಮೇಲೆಲ್ಲ ಚೆಲ್ಲಿತು.

"ಈ ಬೋರ್ಡು ನೀವೆಲ್ಲ ನೋಡಿದ್ದೀರಿ. ಈ ಮೆನು ಕೈಯಲ್ಲಿ ಹಿಡಿದಿದ್ದೀರಿ. ಇದನ್ನು ಮಾಡಿದ್ದು ಮಿಥುನನ ಮೊದಲ ಹೆಂಡತಿ ರಕ್ಷಿತಾ. ಅಂದ್ರೆ ನಾನು. ನನಗೆ ತಲೆ ಸರಿ ಇಲ್ಲ ಅಂತ ನಿಮಗೆಲ್ಲ ಹೇಳಿದ್ದಾರೆ. ನನ್ನ ಹಾಲಿಗೆ ನಿದ್ದೆ ಮಾತ್ರೆ ಹಾಕಿ ಕೊಡ್ತಾ ಇದ್ದದ್ದು ಅತ್ತೆ ಪಂಕಜಾಕ್ಷಿ. ಹಗಲು ನಿದ್ದೆ ಮಾಡ್ತಾಳೆ ಅಂತ ಊರಿಗೆಲ್ಲ ಫೋನ್ ಮಾಡ್ತಾ ಇದ್ದದ್ದು ನನ್ನ ಗಂಡ."

ಮಿಥುನ ಜನರನ್ನು ತಳ್ಳಿಕೊಂಡು ಬಂದ. "ಬಂದ್ ಮಾಡೇ! ಬಂದ್ ಮಾಡು!"

ಅಪೇಕ್ಷಾ ಲ್ಯಾಪ್‌ಟಾಪಿಗೆ ಬೆನ್ನು ಕೊಟ್ಟು ನಿಂತಳು. "ಮುಟ್ಟಿದ್ರೆ ಇಷ್ಟು ಜನರ ಎದುರೇ ಮುಟ್ಟಿ," ಎಂದಳು. ಅವನ ಎತ್ತಿದ ಕೈ ಹಾಗೇ ನಿಂತಿತು. ಕನ್ನಡ ಬಾರದ ಕಾರ್ಖಾನೆಯ ಅಧಿಕಾರಿಯೊಬ್ಬ ಪಕ್ಕದವನನ್ನು, "ಕಾಯ್ ಝಾಲಂ?" ಎಂದು ಕೇಳಿದ. ಪಕ್ಕದವನು ಅವನ ಕಿವಿಯಲ್ಲಿ ಎಲ್ಲವನ್ನೂ ಮರಾಠಿಯಲ್ಲಿ ಬಿಡಿಸಿ ಹೇಳತೊಡಗಿದ.

"ಈಗ ಆ ಮನೆಯ ಎರಡನೇ ಸೊಸೆಗೂ ತಲೆ ಸರಿ ಇಲ್ಲವಂತೆ," ಎಂದಿತು ದನಿ. "ಅವಳಿಗೂ ಹಾಲು ಶುರುವಾಗಿದೆ. ಈ ವಿಡಿಯೋ ಮಾಡಿದ್ದು ಅವಳೇ. ತಲೆ ಹೇಗಿದೆ ಅಂತ ನೀವೇ ನೋಡಿ ಹೇಳಿ. ಬಂದವ್ರು ಉಪವಾಸ ಹೋಗ್ಬೇಡಿ, ನೀರುದೋಸೆ ಇಲ್ಲಿ ಚೆಂದ ಮಾಡ್ತಾರೆ."

ದೋಸೆ ತಿನ್ನಲು ಯಾರೂ ಉಳಿಯಲಿಲ್ಲ. ಸಂಘದ ಅಧ್ಯಕ್ಷರು ಚಪ್ಪಲಿ ಹುಡುಕುತ್ತಾ, "ಇನ್ನೊಮ್ಮೆ ಬರುವ" ಎಂದು ಯಾರಿಗೋ ಹೇಳಿ ಹೋದರು.

ಮನೆಗೆ ಬಂದ ಮೇಲೆ ಮಿಥುನನಿಗೆ ಬಾಯಿ ಬಂತು. "ನೋಡಿದ್ರಲ್ಲ ಮಾವ, ನಿಮ್ಮ ಮಗಳ ಸ್ಥಿತಿ! ತಲೆ ಸರಿ ಇದ್ದವ್ರು ಯಾರಾದ್ರೂ ಹೀಗೆ ಮಾಡ್ತಾರಾ?"

"ಇಬ್ಬರೂ ಸೇರಿ ನನ್ನ ಮಗನ ಹೊಟ್ಟೆಗೆ ಹೊಡೆದ್ರು," ಎಂದು ಪಂಕಜಾಕ್ಷಿ ಎದೆ ಬಡಿದುಕೊಂಡಳು.

ತನಗೆ ಕುಡಿಯಲು ಕೊಟ್ಟ ನೀರನ್ನೂ ಸುಬ್ಬಯ್ಯ ಮುಟ್ಟಿರಲಿಲ್ಲ. "ನಮ್ಮ ಸೊಸೈಟಿಯಲ್ಲಿ ಒಬ್ಬರ ಹಾಲು ಕೆಟ್ರೆ ಹಸು ನೋಡ್ತೇವೆ," ಎಂದ. "ಎರಡು ಮನೆಯ ಹಾಲು ಒಂದೇ ಕ್ಯಾನಿನಲ್ಲಿ ಕೆಟ್ರೆ ಕ್ಯಾನ್ ನೋಡ್ತೇವೆ. ಮಗಾ, ಬಟ್ಟೆ ತುಂಬಿಸು."

ಮಗಳು ಬಟ್ಟೆ ತುಂಬಿಸುವಾಗ ಬಾಗಿಲಲ್ಲಿ ನಿಂತವಳು ಸಕ್ಕುಬಾಯಿ. ಅವಳೇ ಪೆಟ್ಟಿಗೆಯನ್ನು ಕೆಳಗಿನವರೆಗೆ ಹೊತ್ತು ತಂದಳು. ಮರುದಿನದಿಂದ ಅವಳೂ ಆ ಮನೆಗೆ ಹೋಗಲಿಲ್ಲ.

ಅಪೇಕ್ಷಾ ಊರಿಗೆ ಹೋಗಿ ಒಂದು ತಿಂಗಳಿದ್ದು ಪುಣೆಗೇ ಮರಳಿದಳು. ಡೈವೋರ್ಸಿನ ಅರ್ಜಿಯನ್ನು ಅವಳೇ ಹಾಕಿದಳು, ಕಾರಣವನ್ನೂ ಅವಳೇ ಬರೆಸಿದಳು. ಪಿಂಪ್ರಿಯ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಡಿಸೈನ್ ಕೆಲಸ ಸಿಕ್ಕಿತು. ಗಣಪತಿ ಮಂಡಲದ ಫ್ಲೆಕ್ಸು, ಹುಟ್ಟುಹಬ್ಬದ ಶುಭಾಶಯ, ಮದುವೆಯ ಕಾರ್ಡು. ಬೇಕೆಂದೇ ಅವಳು ಪಿಂಪ್ರಿಯನ್ನು ಆರಿಸಿಕೊಂಡಿದ್ದಳು. ಹೋಟೆಲ್ ಸೀತಾನದಿಗೆ ಹೋಗಿ ಬರುವವರೆಲ್ಲ ಆ ಅಂಗಡಿಯ ಮುಂದೆಯೇ ಹಾದು ಹೋಗಬೇಕಿತ್ತು.

ಸುದ್ದಿಗಳು ತಾವಾಗಿ ಬಂದು ಕಿವಿಗೆ ಬೀಳುತ್ತಿದ್ದವು. ಚಾಕಣದ ಹೋಟೆಲಿನಲ್ಲಿ ಮಧ್ಯಾಹ್ನವೂ ಅರ್ಧ ಮೇಜು ಖಾಲಿಯಂತೆ. ಪಂಕಜಾಕ್ಷಿ ಭಜನೆಗೆ ಹೋಗುವುದನ್ನು ಬಿಟ್ಟಳಂತೆ, ಯಾರ ಮನೆಯಲ್ಲಾದರೂ ಅವಳು ಹಾಲು ಬಡಿಸಲು ಎದ್ದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಾರಂತೆ. ಮಿಥುನನಿಗೆ ಮೂರನೇ ಸಂಬಂಧ ಕೇಳಲು ಹೋದ ಬ್ರೋಕರನನ್ನು ಹುಡುಗಿಯ ಅಜ್ಜಿ ಅಂಗಳದಿಂದಲೇ ಓಡಿಸಿದಳಂತೆ. ಪ್ರತಿ ಸುದ್ದಿಯನ್ನೂ ಅಪೇಕ್ಷಾ ರಕ್ಷಿತಾಳಿಗೆ ಫೋನ್ ಮಾಡಿ ಹೇಳುತ್ತಿದ್ದಳು. ಇಬ್ಬರೂ ಆ ಹೊತ್ತು ಚೆನ್ನಾಗಿ ನಗುತ್ತಿದ್ದರು.

ಒಂದು ಮಧ್ಯಾಹ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದವನು ಮಹಾಲಿಂಗ. ಮುಖ ಇಳಿದು ಹೋಗಿತ್ತು, ಅಂಗಿ ಮೈಮೇಲೆ ಜೋತಾಡುತ್ತಿತ್ತು. ಅಪೇಕ್ಷಾ ಎದ್ದು ಕುರ್ಚಿ ಕೊಟ್ಟಳು.

"ಹೇಗಿದ್ದೀ ಮಗಾ?"

"ಚೆನ್ನಾಗಿದ್ದೇನೆ ಮಾವ. ಏನಾದ್ರೂ ಪ್ರಿಂಟ್ ಆಗ್ಬೇಕಿತ್ತಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಆ ವಿಡಿಯೋದಲ್ಲಿ ಎಲ್ಲರ ಹೆಸರು ಬಂತು. ನನ್ನದು ಬರ್ಲಿಲ್ಲ."

"ಹೌದು."

"ರಕ್ಷಿತಾ ಮರೆತದ್ದಾ? ಬೇಕು ಅಂತ ಬಿಟ್ಟದ್ದಾ? ಅವಳಿಗೆ ನೆನಪಿರ್ಬೇಕು, ಡಾಕ್ಟರ ಹತ್ರ ಒಳಗೆ ಹೋಗಿ ಹೇಳಿದ್ದು ನಾನು." "ಮೊನ್ನೆ ಸಂಘದಲ್ಲಿ ನನಗೆ ಸನ್ಮಾನ ಮಾಡ್ತೇವೆ ಅಂದ್ರು. ಆ ಮನೆಯಲ್ಲಿ ನೀವೊಬ್ಬರೇ ಒಳ್ಳೆಯವ್ರು ಅಂದ್ರು. ಶಾಲು ಹೊದೆಸುವಾಗ ಎಲ್ಲಿ ಆ ದನಿ ಕೇಳ್ತದೋ ಅಂತ ಕಾಲು ನಡುಗಿತು. ಯಾರ ಫೋನ್ ಬಡಿದ್ರೂ ಎದೆ ಹೊಡ್ಕೊಳ್ತದೆ. ಊಟ ಸೇರುದಿಲ್ಲ. ಒಂದೇ ಒಂದು ಮಾತು ಹೇಳು ಮಗಾ. ಇನ್ನೊಂದು ವಿಡಿಯೋ ಉಂಟಾ?"

ಇರಲಿಲ್ಲ. ಇನ್ನೊಂದು ವಿಡಿಯೋ ಮಾಡುವ ಮಾತೇ ಅವರಿಬ್ಬರ ನಡುವೆ ಬಂದಿರಲಿಲ್ಲ. ರಕ್ಷಿತಾ ಆ ಒಂದು ಹೆಸರನ್ನು ಯಾಕೆ ತೆಗೆಸಿದಳೆಂದು ಅಪೇಕ್ಷಾಳಿಗೆ ಈಗ ಎದುರಿಗೆ ಕೂತ ಮುದುಕನನ್ನು ನೋಡಿ ತಿಳಿಯಿತು. ಇಲ್ಲ ಎಂಬ ಒಂದು ಮಾತು ಸಾಕಿತ್ತು. ಅವನು ಹೋಗಿ ಹೊಟ್ಟೆತುಂಬ ಉಣ್ಣುತ್ತಿದ್ದ.

ಈ ಮನುಷ್ಯ ಎರಡು ವರ್ಷ ತನ್ನನ್ನು ಮಗಾ ಎಂದೇ ಕರೆದಿದ್ದಾನೆ. ಅದೇ ಬಾಯಲ್ಲಿ ಡಾಕ್ಟರ ಹತ್ತಿರ ಸುಳ್ಳನ್ನೂ ಹೇಳಿದ್ದಾನೆ.

"ನನಗೆ ಗೊತ್ತಿಲ್ಲ ಮಾವ," ಎಂದಳು ಅಪೇಕ್ಷಾ. "ಅಕ್ಕನ ಮನಸ್ಸಿನಲ್ಲಿ ಏನುಂಟೋ."

ಅವನು ಎದ್ದು, ಮೆಟ್ಟಿಲಿನ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಳಿದ. ಅಂಗಡಿಯ ಯಜಮಾನ ಯಾರವರು ಎಂದು ಕೇಳಿದ. ಗೊತ್ತಿದ್ದವರು ಎಂದು ಹೇಳಿ ಅವಳು, ಸಂಜೆಗೆ ಕೊಡಬೇಕಾದ ಮದುವೆ ಕಾರ್ಡಿನಲ್ಲಿ ಹುಡುಗಿಯ ಹೆಸರನ್ನು ಇನ್ನಷ್ಟು ದೊಡ್ಡದು ಮಾಡತೊಡಗಿದಳು.